ಹಲವು ಬೋಧನೆಗಳ ನಡುವೆ ನನ್ನ ಸಾಧನೆ ಯಾವುದೆಂದು ತಿಳಿಯುವುದು ಹೇಗೆ?

ಪ್ರಶ್ನೆ:
ಆರು ವರ್ಷಗಳಿಂದ ಓದುತ್ತ, ಪ್ರವಚನಗಳನ್ನು ಕೇಳುತ್ತ ಬಂದಿದ್ದೇನೆ. ಬೆಳಗ್ಗೆ ಕಣ್ಣು ಮುಚ್ಚಿ ಕುಳಿತಾಗ ಮೊದಲು ಉಸಿರನ್ನು ಗಮನಿಸುತ್ತೇನೆ. ಎರಡು ನಿಮಿಷವಾಗುವಷ್ಟರಲ್ಲಿ, ನಾಮಜಪವೇ ಸುಲಭವೆಂದು ಒಬ್ಬರು ಹೇಳಿದ್ದು ನೆನಪಾಗಿ ಅತ್ತ ಹೊರಳುತ್ತೇನೆ. ಅಷ್ಟರಲ್ಲಿ ‘ಜಪಿಸುತ್ತಿರುವುದು ಯಾರೆಂದು ಕೇಳಿಕೋ’ ಎಂಬ ಇನ್ನೊಂದು ಉಪದೇಶ ಅಡ್ಡ ಬರುತ್ತದೆ. ಎಲ್ಲರ ಮಾತೂ ಸರಿಯೆನಿಸುತ್ತದೆ, ಆದರೆ ಯಾವುದೂ ನನ್ನದಾಗಿಲ್ಲ. ಒಂದನ್ನು ಹಿಡಿದರೆ ಉಳಿದವುಗಳಲ್ಲಿರುವ ಸತ್ಯ ಕೈತಪ್ಪೀತೆಂಬ ಅಳುಕು ಬೇರೆ. ದಯವಿಟ್ಟು ತಿಳಿದವರು ಹೇಳಿ.

ಉತ್ತರ 1:
ಪತಂಜಲಿಯ ಯೋಗಸೂತ್ರಗಳ ಮೊದಲ ಪಾದವನ್ನು, ಅಂದರೆ ಮೊದಲ ಅಧ್ಯಾಯವನ್ನು, ನೋಡಿ. ಮನಸ್ಸು ನೆಲೆಗೊಳ್ಳಲು ಉಸಿರು, ಒಳಗಿನ ಬೆಳಕು, ಕನಸು-ನಿದ್ರೆಗಳ ಅರಿವು ಹೀಗೆ ಹಲವು ಉಪಾಯಗಳನ್ನು ‘ವಾ’, ಅಂದರೆ ‘ಅಥವಾ’ ಎನ್ನುತ್ತಲೇ ಹೇಳಿ, ಕೊನೆಗೆ 39ನೇ ಸೂತ್ರದಲ್ಲಿ ತನಗೆ ಇಷ್ಟವಾದುದನ್ನು ಧ್ಯಾನಿಸಿದರೂ ಆದೀತು ಎನ್ನುತ್ತಾರೆ. ಆಯ್ಕೆಯಲ್ಲಿ ಇಷ್ಟು ಉದಾರವಾದ ಅದೇ ಗ್ರಂಥ 14ನೇ ಸೂತ್ರದಲ್ಲಿ ಮಾತ್ರ ಬಿಗಿಯಾಗಿದೆ: ಅಭ್ಯಾಸವು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆದರೆ ಗಟ್ಟಿಯಾಗಿ ನೆಲೆ ನಿಲ್ಲುತ್ತದೆ. ನಿಮಗೆ ಕೊರತೆಯಾಗಿರುವುದು ಆಯ್ಕೆಯಲ್ಲ, ಅವಧಿ ಎಂದು ನನಗನಿಸುತ್ತದೆ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಇಷ್ಟವೊಂದೇ ಸಾಲದು. ಬಂದವರೆಲ್ಲ ತಮ್ಮ ಮತವನ್ನು ಹೊಗಳಿ ಪರರದನ್ನು ಹಳಿಯುತ್ತಾರೆ, ಯಾರನ್ನು ನಂಬಲಿ ಎಂಬ ನಿಮ್ಮಂಥದೇ ಗೊಂದಲವನ್ನು ಕೇಸಪುತ್ತವೆಂಬ ಊರಿನ ಕಾಲಾಮ ಕುಲದವರು ಬುದ್ಧನ ಮುಂದಿಟ್ಟಿದ್ದರು. ಕೇಳಿಬಂದದ್ದೆಂದು, ಗ್ರಂಥದಲ್ಲಿದೆಯೆಂದು, ತರ್ಕಕ್ಕೆ ಕೂಡುತ್ತದೆಂದು, ಗುರು ಹೇಳಿದನೆಂದು ಒಪ್ಪಬೇಡಿ. ಆಚರಿಸಿದಾಗ ಹಿತವಾಗುವುದೆಂದೂ ವಿವೇಕಿಗಳು ಮೆಚ್ಚುವಂಥದೆಂದೂ ಸ್ವತಃ ಅರಿತಾಗ ಸ್ವೀಕರಿಸಿ ಎಂಬುದು ಅವನ ಉತ್ತರ. ವಿವೇಕಿಗಳು ಮೆಚ್ಚಬೇಕೆಂಬ ಭಾಗವನ್ನು ಅನೇಕರು ಉಲ್ಲೇಖಿಸುವಾಗ ಬಿಟ್ಟುಬಿಡುತ್ತಾರೆ, ಅದು ದೊಡ್ಡ ಲೋಪ. ಬುದ್ಧನೂ ಆಲಾರ ಕಾಲಾಮ, ಉದ್ದಕ ರಾಮಪುತ್ತ ಎಂಬಿಬ್ಬರು ಗುರುಗಳನ್ನು ತೊರೆದವನೇ. ಆದರೆ ಅವರು ಕಲಿಸಿದ್ದನ್ನು ಕೊನೆಯವರೆಗೆ ಸಾಧಿಸಿ, ತಾನು ಹುಡುಕುತ್ತಿರುವುದು ಅಲ್ಲಿಲ್ಲವೆಂದು ಕಂಡ ಮೇಲೆ ತೊರೆದನು.

ಪ್ರಶ್ನೆ ಕೇಳಿದವರು:
ಹಾಗಾದರೆ ಉಸಿರಿನ ಧ್ಯಾನವನ್ನೇ ಹಿಡಿಯುತ್ತೇನೆ. ಹಿತವಾಗುತ್ತಿದೆಯೋ ಇಲ್ಲವೋ ಎಂಬುದನ್ನು ಎಲ್ಲಿ ನೋಡಲಿ?

ಉತ್ತರ 3:
ಕುಳಿತಿರುವಾಗ ಸಿಗುವ ಶಾಂತಿಯಿಂದ ಅಳೆಯಬೇಡಿ. ಬಿಟ್ಟುಹೋದರೆ ಕೇಡಾಗುತ್ತದೆಂದು ಹೆದರಿಸುತ್ತಿದ್ದ ಬಳಗವೊಂದರಲ್ಲಿ ನಾನು ನಾಲ್ಕು ವರ್ಷ ಇದ್ದೆ. ಧ್ಯಾನದಲ್ಲಿ ಮನಸ್ಸು ತಿಳಿಯಾಗುತ್ತಿತ್ತು, ನಿಜ. ಆದರೆ ಎದ್ದೊಡನೆ, ಬಾಗಿಲು ಸದ್ದು ಮಾಡಿದ್ದಕ್ಕಾಗಿ ಮಗುವಿನ ಮೇಲೆ ರೇಗುತ್ತಿದ್ದೆ. ಅದು ಹೆದರಿ ತುದಿಗಾಲಲ್ಲಿ ನಡೆಯುವುದನ್ನು ಕಲಿತಿದೆಯೆಂದು ಒಂದು ದಿನ ಕಣ್ಣಿಗೆ ಬಿತ್ತು. ಅಂದೇ ಆ ಬಳಗವನ್ನು ಬಿಟ್ಟೆ. ಆಸನದಿಂದ ಎದ್ದ ಮೇಲಿನ ಮೊದಲ ಗಂಟೆಯನ್ನು ಕೆಲವು ತಿಂಗಳು ಗಮನಿಸಿ, ಆಮೇಲೆ ಇಲ್ಲಿಯೇ ಬರೆಯಿರಿ.