ಬಕೆಟ್ ಒದ್ದ ಅಜ್ಜ

"ಇಡಿಯಮ್ ಅಂದ್ರೆ ಇಷ್ಟೇ," ಎಂದ ಗೊಣಗ. "ಬಿಡಿಬಿಡಿಯಾಗಿ ಎಲ್ಲ ಪದವೂ ಗೊತ್ತಿರುತ್ತದೆ. ಒಟ್ಟಿಗೆ ಬಂದರೆ ಒಂದೂ ಗೊತ್ತಿರುವುದಿಲ್ಲ."

ಶಾಲೆಯ ಕೊನೆಯ ಪರೀಕ್ಷೆಗೆ ಇಂಗ್ಲಿಷ್ ಓದುವ ನೆಪದಲ್ಲಿ ನಾವು ನಾಲ್ವರು ಸೇರಿದ್ದೆವು. ಗೊಣಗ, ಡಿಕ್ಷನರಿ, ಟೀಚರಮ್ಮ, ಮತ್ತು ನಾನು. ಯಾವುದೂ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಟೀಚರಮ್ಮ ನಮ್ಮ ಕ್ಲಾಸಿನವಳೇ. ಕಂಡವರ ತಪ್ಪು ತಿದ್ದುವ ಚಟ ಇರುವುದರಿಂದ ನಾವೇ ಬಡ್ತಿ ಕೊಟ್ಟಿದ್ದೇವೆ. ಡಿಕ್ಷನರಿ ಪದಗಳನ್ನು ಎ ಅಕ್ಷರದಿಂದ ಸಾಲಾಗಿ ಉರು ಹೊಡೆಯುವವನು. ಹೀಗೆ ಓದುವವರಿಗೆಲ್ಲ 'ಅಬ್ಯಾಂಡನ್' ಎಂಬ ಪದ ಮಾತ್ರ ಗಟ್ಟಿಯಾಗಿ ಬರುತ್ತದೆ. ಕೈಬಿಡುವುದು ಅಂತ ಅರ್ಥ. ಬಿ ಅಕ್ಷರ ಬರುವ ಹೊತ್ತಿಗೆ ಅದನ್ನೇ ಮಾಡಿರುತ್ತಾರೆ.

"ಕಿಕ್ ದ ಬಕೆಟ್?" ಡಿಕ್ಷನರಿ ಕೇಳಿದ.

"ಸಾಯುವುದು!" ಎಂದು ಮೂವರೂ ಕೂಗಿದೆವು. ಇದು ಬಾರದವರೇ ಇಲ್ಲ.

"ವಾಕ್ಯದಲ್ಲಿ ಬಳಸಿ."

ಗೊಣಗ ಸೀದಾ ರಜಾ ಅರ್ಜಿಯನ್ನೇ ಬರೆದುಬಿಟ್ಟ. 'ರೆಸ್ಪೆಕ್ಟೆಡ್ ಸರ್, ಮೈ ಗ್ರ್ಯಾಂಡ್‌ಫಾದರ್ ಕಿಕ್ಡ್ ದ ಬಕೆಟ್ ಯೆಸ್ಟರ್‌ಡೇ. ಕೈಂಡ್ಲಿ ಗ್ರಾಂಟ್ ಮಿ ಲೀವ್.'

ಟೀಚರಮ್ಮ ಹಣೆ ಚಚ್ಚಿಕೊಂಡಳು. "ನಮ್ಮಜ್ಜ ಗೊಟಕ್ ಅಂದ್ರು, ರಜೆ ಕೊಡಿ ಅಂತ ಕನ್ನಡದಲ್ಲಿ ಬರೆಯುತ್ತೀಯಾ?"

"ವ್ಯಾಕರಣ ಸರಿ ಇದೆಯಲ್ಲ?"

"ವ್ಯಾಕರಣ ಇದೆ, ಮರ್ಯಾದೆ ಇಲ್ಲ. ಅರ್ಜಿಯಲ್ಲಿ 'ಪಾಸ್ಡ್ ಅವೇ' ಅಂತ ಬರಿ."

ನಮಗೆ ಕೊಡುವ ಪಟ್ಟಿಗಳ ದೊಡ್ಡ ದೋಷ ಇದೇ ಅನ್ನಿಸುತ್ತದೆ. ಎಡಗಡೆ ಇಡಿಯಮ್, ಬಲಗಡೆ ಅರ್ಥ, ಮುಗಿಯಿತು. ಯಾರ ಮುಂದೆ ಆಡುವ ಮಾತು, ಯಾರ ಮುಂದೆ ಆಡಿದರೆ ಒದೆ ಬೀಳುತ್ತದೆ ಅಂತ ಹೇಳುವ ಮೂರನೇ ಕಾಲಮ್ ಇರುವುದೇ ಇಲ್ಲ.

"ಗಿವ್ ಎ ಹ್ಯಾಂಡ್?"

"ಕೈ ಕೊಡುವುದು," ಎಂದ ಗೊಣಗ. "ನೋಟ್ಸ್ ಕೊಡುತ್ತೇನೆ ಅಂತ ಹೇಳಿ ಹೋದ ಪರೀಕ್ಷೆಯಲ್ಲಿ ನೀನು ನನಗೆ ಕೊಟ್ಟೆಯಲ್ಲ, ಅದು."

"ಅಯ್ಯೋ, ಅದು ಸಹಾಯ ಮಾಡುವುದು ಮಾರಾಯ!"

"ಕೈ ಕೊಟ್ಟರೆ ಸಹಾಯ ಹೇಗಾಗುತ್ತದೆ?"

"ಅವರ ಕೈ ಬೇರೆ, ನಮ್ಮ ಕೈ ಬೇರೆ," ಎಂದು ಟೀಚರಮ್ಮ ಜಗಳ ಬಿಡಿಸಿದಳು. ಹಾಗಂತ ಕನ್ನಡವನ್ನು ನಂಬಲೇಬಾರದು ಅಂತಲ್ಲ. 'ಟರ್ನ್ ಎ ಡೆಫ್ ಇಯರ್' ಅಂದ್ರೆ ನಮ್ಮ ಜಾಣಕಿವುಡೇ. 'ಆ್ಯಡ್ ಫ್ಯೂಯಲ್ ಟು ದ ಫೈರ್' ಅಂದ್ರೆ ಉರಿಯುವ ಬೆಂಕಿಗೆ ತುಪ್ಪ ಸುರಿಯುವುದೇ. ಇವೆಲ್ಲ ಪುಕ್ಕಟೆ ಅಂಕಗಳು. ಇನ್ನು ಕೆಲವು ಮಾತ್ರ ನಮ್ಮ ಕಡೆಯ ಅರ್ಥದಲ್ಲಿ ಕೈ ಕೊಡುತ್ತವೆ.

"ಇಡಿಯಮ್ ಬಿಡಿ, ಫ್ರೇಸಲ್ ವರ್ಬ್ ನೋಡೋಣ," ಎಂದ ಡಿಕ್ಷನರಿ. ಅಂದ್ರೆ ಕ್ರಿಯಾಪದಕ್ಕೆ 'ಆಫ್', 'ಔಟ್' ಥರದ ಬಾಲ ಅಂಟಿಸಿ ಅರ್ಥ ಬದಲಿಸುವ ಜೋಡಿಪದ. "ದ ಲೈಟ್ ವೆಂಟ್ ಆಫ್?"

"ದೀಪ ಆರಿತು."

"ದ ಅಲಾರಂ ವೆಂಟ್ ಆಫ್?"

"ಅಲಾರಂ ನಿಂತಿತು," ಎಂದ ಗೊಣಗ.

"ಹೊಡೆದುಕೊಂಡಿತು. ದ ಬಾಂಬ್ ವೆಂಟ್ ಆಫ್?"

"ಠುಸ್ ಆಯಿತು?"

"ಸಿಡಿಯಿತು. ದ ಮಿಲ್ಕ್ ವೆಂಟ್ ಆಫ್?"

ಗೊಣಗ ಈ ಸಲ ಎಚ್ಚರವಾಗಿದ್ದ. "ಹಾಲೂ ಸಿಡಿಯಿತು."

"ಕೆಟ್ಟುಹೋಯಿತು."

"ಕೆಟ್ಟಿದ್ದು ಹಾಲಲ್ಲ, ನನ್ನ ತಲೆ," ಎಂದು ಅವನು ಪುಸ್ತಕ ಮುಚ್ಚಿದ. "ಇಷ್ಟೆಲ್ಲ ಓದಿದರೂ ಬೆಳಗಾಗುವಷ್ಟರಲ್ಲಿ ಮರೆತಿರುತ್ತದೆ."

"ಬೆಳಗಿನ ತನಕ ಕಾಯಬೇಕಾಗಿಲ್ಲ," ಎಂದಳು ಟೀಚರಮ್ಮ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬಾತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದಿದ್ದ. 1885ರಲ್ಲಿ ಅದನ್ನು ಪುಸ್ತಕವಾಗಿಯೂ ತಂದ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಜಾಸ್ತಿ ಹೋಗಿತ್ತಂತೆ. ಆಮೇಲೆ ಮರೆವಿನ ವೇಗ ಕಮ್ಮಿಯಾಗುತ್ತದೆ.

"ಅರ್ಥವಿಲ್ಲದ್ದನ್ನು ಉರು ಹೊಡೆದನಾ? ಹಾಗಾದ್ರೆ ಅವನ ಕೈಗೂ ಈ ಪಟ್ಟಿಯೇ ಸಿಕ್ಕಿರಬೇಕು."

ಮರೆವಿಗೆ ಮದ್ದೂ ಟೀಚರಮ್ಮನ ಬಳಿಯೇ ಇತ್ತು. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬಾತ ಹೇಳಿಕೊಟ್ಟ ಡಬ್ಬಿ ಉಪಾಯ. ಚೀಟಿಯ ಒಂದು ಬದಿ ಪದ, ಇನ್ನೊಂದು ಬದಿ ಅರ್ಥ. ಸರಿ ಹೇಳಿದರೆ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ. ತಪ್ಪಿದರೆ ವಾಪಸ್ ಮೊದಲ ಡಬ್ಬಿಗೆ. ಮೊದಲ ಡಬ್ಬಿಯನ್ನು ದಿನಾ ತೆಗೆಯಬೇಕು, ಹಿಂದಿನವನ್ನು ಅಪರೂಪಕ್ಕೆ ತೆಗೆದರೆ ಸಾಕು. ಬರುವುದನ್ನೇ ಮತ್ತೆ ಮತ್ತೆ ಓದಿ ಖುಷಿಪಡುವ ನಮ್ಮಂಥವರಿಗೆ ಸರಿಯಾದ ಶಿಕ್ಷೆ. ಆದರೂ ಕೂತು ಓದುವುದಕ್ಕಿಂತ ಇದು ಎಷ್ಟೋ ವಾಸಿ. ಅರ್ಧ ಗಂಟೆಯಲ್ಲಿ ಗೊಣಗನ ಮೊದಲ ಡಬ್ಬಿಗೆ ಮುಚ್ಚಳ ಹಾಕಲು ಆಗಲಿಲ್ಲ. ಎರಡನೆಯದರಲ್ಲಿ ಒಂದೇ ಚೀಟಿ ಇತ್ತು: ಬಕೆಟ್.

"ಹೋಬ್ಸನ್ಸ್ ಚಾಯ್ಸ್?" ಡಿಕ್ಷನರಿ ಬಿಡಲಿಲ್ಲ.

ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಅವನೇ ಕಥೆ ಹೇಳಿದ. ಥಾಮಸ್ ಹೋಬ್ಸನ್ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕುದುರೆ ಬಾಡಿಗೆಗೆ ಕೊಡುತ್ತಿದ್ದ. ತೀರಿಕೊಂಡದ್ದು 1631ರಲ್ಲಿ. ಗಿರಾಕಿಗಳೆಲ್ಲ ಒಳ್ಳೇ ಕುದುರೆಗಳನ್ನೇ ಕೇಳಿ ಕೇಳಿ ಅವು ಸೊರಗುತ್ತವೆ ಅಂತ ಅವನೊಂದು ನಿಯಮ ಮಾಡಿದ್ದನಂತೆ. ಬಾಗಿಲ ಪಕ್ಕ ಯಾವ ಕುದುರೆ ನಿಂತಿದೆಯೋ ಅದನ್ನೇ ಒಯ್ಯಬೇಕು. ಬೇಡವಾದರೆ ನಡೆದುಕೊಂಡು ಹೋಗಬೇಕು.

"ಅಂದ್ರೆ ಆಯ್ಕೆಯೇ ಇಲ್ಲದ ಆಯ್ಕೆ," ಎಂದೆ.

"ನಾಲ್ಕು ಉತ್ತರ ಕೊಟ್ಟು ಒಂದನ್ನೇ ಸರಿ ಅನ್ನುವ ಪ್ರಶ್ನೆಪತ್ರಿಕೆ ಹೋಬ್ಸನ್ನನ ಲಾಯವೇ ತಾನೆ?" ಎಂದ ಗೊಣಗ.

ಟೀಚರಮ್ಮ ತಿದ್ದಲು ಬಾಯಿ ತೆರೆದಳು. ತಪ್ಪು ಸಿಗಲಿಲ್ಲ, ಬಾಯಿ ಮುಚ್ಚಿದಳು. ಆ ಇಡಿಯಮ್ ಮಾತ್ರ ನಮ್ಮಲ್ಲಿ ಯಾರೂ ಮರೆಯುವಂತಿಲ್ಲ. ಅದಕ್ಕೆ ಡಬ್ಬಿಯೂ ಬೇಕಾಗಲಿಲ್ಲ.

"ಕೊನೇದು," ಎಂದ ಡಿಕ್ಷನರಿ. "ಪುಟ್ ಆನ್, ಪುಟ್ ಔಟ್, ಪುಟ್ ಅಪ್ ವಿತ್, ಪುಟ್ ಆಫ್."

"ಪುಟ್ ಆನ್ ಅಂದ್ರೆ ಹಾಕಿಕೊಳ್ಳುವುದು. ಪುಟ್ ಔಟ್ ಅಂದ್ರೆ ಬೆಂಕಿ ಆರಿಸುವುದು. ಪುಟ್ ಅಪ್ ವಿತ್ ಅಂದ್ರೆ ಸಹಿಸಿಕೊಳ್ಳುವುದು. ಉದಾಹರಣೆಗೆ ನಿಮ್ಮನ್ನು," ಎಂದಳು ಟೀಚರಮ್ಮ.

"ಪುಟ್ ಆಫ್? ಗೊಣಗ, ನೀನು ಹೇಳು."

ಗೊಣಗ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. "ಅದನ್ನು ನಾಳೆ ನೋಡೋಣ," ಎಂದ.

ಡಿಕ್ಷನರಿ ಪೂರ್ತಿ ಅಂಕ ಕೊಟ್ಟು ಚೀಟಿಯನ್ನು ಎರಡನೇ ಡಬ್ಬಿಗೆ ಹಾಕಿದ.