ಡಿಸ್ಕ್ ಬ್ರೇಕ್ ಸೈಕಲ್ಲಿನ ಮುಂದಿನ ಚಕ್ರ ಸಡಿಲ ಆಗ್ತಿದೆ, ಅನುಭವ ಇದ್ದವರು ಹೇಳಿ

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಡಿಸ್ಕ್ ಬ್ರೇಕ್ ಇರೋ ಸೈಕಲ್ ತಗೊಂಡು ಮೂರು ತಿಂಗಳಾಯ್ತು. ಎರಡೂ ಚಕ್ರಕ್ಕೆ ಕ್ವಿಕ್ ರಿಲೀಸ್ ಲಿವರ್, ಅಂದರೆ ಪಾನಾ ಇಲ್ಲದೆ ಕೈಯಿಂದಲೇ ಚಕ್ರ ಬಿಚ್ಚಿ ಹಾಕೋ ಹಿಡಿ, ಇನ್ನೊಂದು ತುದಿಯಲ್ಲಿ ನಟ್ಟು. ಕಳೆದ ವಾರ ಉದ್ದದ ಇಳಿಜಾರು ಇಳಿದು ಬಂದೆ, ರಸ್ತೆ ತುಂಬ ಗುಂಡಿ. ಕೆಳಗೆ ಬರೋ ಹೊತ್ತಿಗೆ ಮುಂದಿನ ಡಿಸ್ಕ್ ಪ್ಯಾಡಿಗೆ ಉಜ್ಜಿ ಸರ್ ಸರ್ ಅಂತ ಸದ್ದು. ನಿಲ್ಲಿಸಿ ನೋಡಿದರೆ ಟೈರಿನ ಮೇಲ್ಭಾಗ ಫೋರ್ಕಿನ (ಚಕ್ರ ಹಿಡಿಯೋ ಕವಲಿನ) ಎಡಗಾಲಿನ ಕಡೆ ವಾಲಿತ್ತು. ಲಿವರ್ ಮುಚ್ಚೇ ಇತ್ತು, ಆದರೆ ಒಂದೇ ಬೆರಳಿಗೆ ತೆರೆದುಕೊಂಡಿತು. ಬೆಳಿಗ್ಗೆ ಹೊರಡುವಾಗ ನಾನೇ ಬಿಗಿ ಮಾಡಿದ್ದೆ. ಹಳೇ ರಿಮ್ ಬ್ರೇಕ್ ಸೈಕಲ್ಲಿನಲ್ಲಿ ಇದೇ ಥರದ ಲಿವರ್ ಹತ್ತು ವರ್ಷ ಬಳಸಿದ್ದೀನಿ, ಒಮ್ಮೆಯೂ ಹೀಗಾಗಿರಲಿಲ್ಲ. ತಪ್ಪು ನನ್ನದಾ, ಲಿವರಿನದಾ? ಫೋರ್ಕೇ ಬದಲಿಸಬೇಕಾ?

ಸೈಕಲ್ ರಿಪೇರಿ ಮಾಡುವವರು:

ಸರ್, ಮೊದಲು ಒಂದು ಮಾತು. ಕಾರಣ ಗೊತ್ತಾಗೋವರೆಗೂ ಆ ಸೈಕಲ್ಲಿನಲ್ಲಿ ಇಳಿಜಾರು ಇಳೀಬೇಡಿ. ಟೈರು ಎಡಕ್ಕೆ ವಾಲಿತ್ತು ಅಂತ ಸರಿಯಾಗಿ ನೋಡಿ ಬರೆದಿದ್ದೀರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಟೈರಿನ ತಲೆ ಎಡಕ್ಕೆ ವಾಲಿದೆ ಅಂದರೆ ಆಕ್ಸಲ್ಲಿನ (ಚಕ್ರದ ಇರುಸಿನ) ಎಡತುದಿ ಫೋರ್ಕಿನ ಕಚ್ಚಿನಿಂದ, ಅಂದರೆ ಅದು ಕೂರೋ ಸೀಳಿನಿಂದ, ಕೆಳಗೆ ಜಾರಿದೆ. ಡಿಸ್ಕ್ ಇರೋದೂ ಎಡಗಡೆಗೇ. ಇದು ಗುಂಡಿ ರಸ್ತೆಯೊಂದರ ಕೆಲಸ ಅಲ್ಲ, ಬ್ರೇಕ್ ಎಳೆದು ಇಳಿಸಿದೆ.

ಚಕ್ರ ಬಿಚ್ಚಿ, ಫೋರ್ಕಿನ ಕಾಲಿನ ತುದಿಯಲ್ಲಿ ಆಕ್ಸಲ್ ಕೂರೋ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಹೊಸ ಸೈಕಲ್ಲಾದರೆ ಅಲ್ಲಿ ದಪ್ಪ ಬಣ್ಣ ಇರುತ್ತೆ. ಲಿವರ್ ಬಿಗಿ ಮಾಡಿದಾಗ ಆ ಬಣ್ಣ ಅದುಮಿ ತೆಳ್ಳಗಾಗುತ್ತೆ, ಬೆಳಿಗ್ಗೆ ಇದ್ದ ಬಿಗಿ ಮಧ್ಯಾಹ್ನಕ್ಕೆ ಇರಲ್ಲ. ಲೋಹದ ಮೇಲೆ ನಟ್ಟಿನ ಹಲ್ಲು ಕಚ್ಚಿದ ಗುರುತು ದುಂಡಗೆ, ಚುಕ್ಕಿ ಚುಕ್ಕಿಯಾಗಿ ಕಾಣಬೇಕು. ಅದು ಕೆಳಕ್ಕೆ ಗೀರಿದ ಹಾಗೆ ಉದ್ದಕ್ಕೆ ಎಳೆದಿದ್ದರೆ ಜಾರಿರೋದು ಖಚಿತ. ಗ್ರೀಸ್ ಇದ್ದರೆ ಪೂರ್ತಿ ಒರೆಸಿ. ಆಕ್ಸಲ್ಲಿನ ತುದಿ ಕಚ್ಚಿನ ಹೊರಮುಖಕ್ಕಿಂತ ಕೂದಲೆಳೆಯಷ್ಟೂ ಆಚೆ ಬಂದಿರಬಾರದು. ಬಂದಿದ್ದರೆ ನಟ್ಟು ಆಕ್ಸಲ್ಲನ್ನು ಒತ್ತುತ್ತೆಯೇ ಹೊರತು ಫೋರ್ಕನ್ನು ಹಿಡಿಯಲ್ಲ. ಕೈಗೆ ಮಾತ್ರ ಬಿಗಿಯಾಗಿದೆ ಅನ್ನಿಸುತ್ತೆ.

ಫೋರ್ಕಿನ ತುದಿಯಲ್ಲಿ ತುಟಿಯ ಹಾಗೆ ಎದ್ದ ಅಂಚು ಇರುತ್ತಲ್ಲ, ಲಿವರ್ ತೆರೆದ ಮೇಲೂ ನಟ್ಟನ್ನು ನಾಲ್ಕು ಸುತ್ತು ಬಿಡಿಸಿದರೇ ಚಕ್ರ ಬರೋದು. ಚಕ್ರ ಬೇಗ ಬಿಚ್ಚಬೇಕು ಅಂತ ಅದನ್ನು ಅರದಿಂದ ಉಜ್ಜಿ ತೆಗೆದವರನ್ನು ನೋಡಿದ್ದೀನಿ. ದಯವಿಟ್ಟು ಮುಟ್ಟಬೇಡಿ. ಲಿವರ್ ಸಡಿಲಾದ ಮೇಲೆ ನಿಮ್ಮ ಚಕ್ರವನ್ನು ಫೋರ್ಕಿನಲ್ಲಿ ಉಳಿಸಿದ್ದು ಅದೇ.

ಮೆಕ್ಯಾನಿಕಲ್ ಓದಿದವರು, ಗುಡ್ಡಗಾಡಿನಲ್ಲಿ ತುಳಿಯುವವರು:

ಮೇಲಿನವರು ಹೇಳಿದ್ದು ಸರಿ. ಬ್ರೇಕ್ ಹೇಗೆ ಚಕ್ರವನ್ನು ಇಳಿಸುತ್ತೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ಇದನ್ನು ಹೇಳಿದರೆ ನಂಬದವರೇ ಜಾಸ್ತಿ.

ಕ್ಯಾಲಿಪರ್, ಅಂದರೆ ಬ್ರೇಕ್ ಪ್ಯಾಡುಗಳನ್ನು ಹಿಡಿದಿರೋ ಭಾಗ, ಫೋರ್ಕಿನ ಎಡಗಾಲಿನ ಹಿಂದೆ ಕೂತಿದೆ. ಸೈಕಲ್ ಮುಂದೆ ಹೋಗುವಾಗ ಡಿಸ್ಕಿನ ಹಿಂಭಾಗ ಕೆಳಗಿಂದ ಮೇಲಕ್ಕೆ ಬರ್ತಾ ಇರುತ್ತೆ. ಪ್ಯಾಡು ಅದನ್ನು ತಡೆಯುತ್ತೆ, ಅಂದರೆ ಕೆಳಕ್ಕೆ ನೂಕುತ್ತೆ. ಕಚ್ಚಿನ ಬಾಯಿ ಇರೋದೂ ಕೆಳಗಡೆಗೇ. ಈಗ ಲೆಕ್ಕ ನೋಡಿ. ಸವಾರ, ಸೈಕಲ್ ಸೇರಿ 100 ಕೆಜಿ ಇರಲಿ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಟೈರು ಮತ್ತು ನೆಲದ ನಡುವೆ 50 ಕೆಜಿಯಷ್ಟು ತಡೆ ಬರುತ್ತೆ ಅಂದುಕೊಳ್ಳೋಣ. ಟೈರಿನ ಅಂಚು ಆಕ್ಸಲ್ಲಿನಿಂದ ಸುಮಾರು 34 ಸೆಂ.ಮೀ. ದೂರ. 160 ಮಿ.ಮೀ. ಡಿಸ್ಕಿನಲ್ಲಿ ಪ್ಯಾಡು ಹಿಡಿಯೋ ಜಾಗ ಬರೀ ಏಳೂವರೆ ಸೆಂ.ಮೀ. ದೂರ. ಅದೇ ಚಕ್ರವನ್ನು ಅಷ್ಟು ಹತ್ತಿರದಿಂದ ತಡೆಯಬೇಕಾದರೆ ಪ್ಯಾಡಿನಲ್ಲಿ ನಾಲ್ಕೂವರೆ ಪಟ್ಟು, ಅಂದರೆ 225 ಕೆಜಿ ಆಸುಪಾಸಿನ ಬಲ ಬೇಕು. ಮೈಭಾರ ಪೂರ್ತಿ ಮುಂದಿನ ಚಕ್ರದ ಮೇಲೆ ಬಂದರೂ ಆಕ್ಸಲ್ಲನ್ನು ಕಚ್ಚಿನೊಳಗೆ ಒತ್ತಿ ಹಿಡಿಯೋದು 100 ಕೆಜಿ. ಉಳಿದ ನೂರಿಪ್ಪತ್ತೈದರಷ್ಟು ಚಕ್ರವನ್ನು ಹೊರಗೆಳೆಯುತ್ತಾ ಇರುತ್ತೆ, ಅದೂ ಎಡಗಡೆಯೊಂದರಲ್ಲೇ. ಅದನ್ನು ತಡೆಯೋದು ಲಿವರಿನ ಬಿಗಿ ಮಾತ್ರ. ರಿಮ್ ಬ್ರೇಕಿನಲ್ಲಿ ಪ್ಯಾಡು ಆಕ್ಸಲ್ಲಿನಿಂದ ಅಷ್ಟು ದೂರ ಹಿಡಿಯೋದರಿಂದ ಬಲ ಚಿಕ್ಕದು, ದಿಕ್ಕೂ ಬೇರೆ. ನಿಮ್ಮ ಹಳೇ ಲಿವರ್ ಹತ್ತು ವರ್ಷ ಸುಮ್ಮನಿದ್ದದ್ದು ಅದಕ್ಕೇ.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಜೇಮ್ಸ್ ಅನ್ನನ್ ಒಬ್ಬರು, 2003ರಲ್ಲಿ. ವೃತ್ತಿಯಲ್ಲಿ ಹವಾಮಾನ ವಿಜ್ಞಾನಿ, ಸೈಕಲ್ ಸವಾರ. ಕ್ಯಾಲಿಪರನ್ನು ಫೋರ್ಕಿನ ಮುಂದಕ್ಕೆ ತಂದರೆ ಬಲ ಮೇಲ್ಮುಖ ಆಗುತ್ತೆ, ಇಲ್ಲವೇ ಕಚ್ಚಿನ ಬಾಯನ್ನು ಮುಂದಕ್ಕೆ ತಿರುಗಿಸಿ ಅನ್ನೋದು ಅವರ ವಾದ. ಇಷ್ಟು ಸರಳ ಮಾತು ಅಲ್ಲಿಯವರೆಗೆ ಫೋರ್ಕ್ ಮಾಡೋರ ಕಣ್ಣಿಗೆ ಬೀಳದೆ ಹೋದದ್ದು ನನಗೆ ಇವತ್ತಿಗೂ ಬೇಸರ.

ಲಿವರ್ ಮುಚ್ಚಿದ್ದರೂ ನಟ್ಟು ಯಾಕೆ ಸಡಿಲಾಯ್ತು ಅಂದರೆ, ಗುಂಡಿಯಲ್ಲಿ ಭಾರ ಒಮ್ಮೆ ಮೇಲೆ ಒತ್ತುತ್ತೆ, ಬ್ರೇಕ್ ಹಿಡಿದಾಗ ಕೆಳಗೆ ಎಳೆಯುತ್ತೆ. ತಿರುಪಿನ ನಟ್ಟು ಹೀಗೆ ಅಡ್ಡಡ್ಡಲಾಗಿ ಅಲುಗಾಡಿದರೆ ತಾನಾಗೇ ಬಿಚ್ಚಿಕೊಳ್ಳುತ್ತೆ. ಗೆರ್ಹಾರ್ಡ್ ಯುಂಕರ್ 1969ರಲ್ಲೇ ಯಂತ್ರದಲ್ಲಿಟ್ಟು ತೋರಿಸಿದ ವಿಷಯ.

ದಿನಾ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರು:

ನನಗೂ ಇದೇ ಆಗಿತ್ತು, ನನ್ನದರಲ್ಲಿ ಕಾರಣ ಲಿವರ್. ಕ್ವಿಕ್ ರಿಲೀಸಿನಲ್ಲಿ ಎರಡು ಜಾತಿ. ಒಂದರಲ್ಲಿ ಲಿವರ್ ತಿರುಗೋ ಗುಂಡು ಹೊರಗೇ ಕಾಣುತ್ತೆ, ಅದರ ಕೆಳಗೆ ಬಟ್ಟಲಿನ ಥರದ ಪ್ಲಾಸ್ಟಿಕ್ ಬಿಲ್ಲೆ. ಇನ್ನೊಂದರಲ್ಲಿ ಎಲ್ಲಾ ಒಂದು ಲೋಹದ ಡಬ್ಬಿಯೊಳಗೆ ಮುಚ್ಚಿರುತ್ತೆ. ಮೊದಲನೆಯದು ಹಗುರ, ನೋಡೋಕೆ ಚೆಂದ, ಆದರೆ ಧೂಳು ಕೂತು ಉಜ್ಜಾಟ ಹೆಚ್ಚಿ, ಕೈ ಹಾಕಿದ ಶಕ್ತಿಯಲ್ಲಿ ಬಹುಪಾಲು ಅಲ್ಲೇ ಹೋಗುತ್ತೆ. ಮುಚ್ಚಿದ ಜಾತಿಯಲ್ಲಿ ಅಷ್ಟೇ ಶಕ್ತಿಗೆ ಹಿಡಿತ ಎಷ್ಟೋ ಜಾಸ್ತಿ. ಡಿಸ್ಕ್ ಇದ್ದರೆ ನಾನಂತೂ ಎರಡನೆಯದನ್ನೇ ಹಾಕಿ ಅಂತೀನಿ, ಎರಡೂ ತುದಿಯಲ್ಲಿ ಉಕ್ಕಿನ ಹಲ್ಲು ಇರುವಂಥದ್ದು.

ಮುಚ್ಚೋ ರೀತಿ ಹೇಳ್ತೀನಿ, ನನಗೆ ಸರಿಯಾಗಿ ಕಲಿಯೋಕೆ ಎರಡು ವರ್ಷ ಬೇಕಾಯ್ತು. ಸೈಕಲ್ ತಲೆಕೆಳಗಾಗಿ ಇಡಬೇಡಿ. ಎರಡೂ ಚಕ್ರ ನೆಲದ ಮೇಲಿರಲಿ, ಹ್ಯಾಂಡಲ್ ಮೇಲೆ ಸ್ವಲ್ಪ ಭಾರ ಬಿಡಿ, ಆಕ್ಸಲ್ ಕಚ್ಚಿನ ಒಳತುದಿಗೆ ಹೋಗಿ ಕೂರುತ್ತೆ. ಲಿವರ್ ಸೈಕಲ್ಲಿಗೆ ನೇರ ಅಡ್ಡವಾಗಿ ನಿಂತಾಗಲೇ ತಡೆ ಶುರುವಾಗಬೇಕು, ಅಲ್ಲಿವರೆಗೆ ನಟ್ಟು ತಿರುಗಿಸಿ. ಆಮೇಲೆ ಬೆರಳನ್ನು ಫೋರ್ಕಿಗೆ ಸುತ್ತಿ ಅಂಗೈಯಿಂದ ಒತ್ತಿ. ಮುಚ್ಚಿದ ಮೇಲೆ ಅಂಗೈ ತೆರೆದು ನೋಡಿ, ಲಿವರಿನ ಅಚ್ಚು ಬಿಳಿಚಿಕೊಂಡು ಎರಡು ಕ್ಷಣ ಕಾಣಿಸಿದರೆ ಸಾಕಷ್ಟು ಬಿಗಿ. ಮುಚ್ಚಿದ ಲಿವರನ್ನು ಬೀಗದ ಕೈಯ ಹಾಗೆ ಸುತ್ತ ತಿರುಗಿಸಿ ಬಿಗಿ ಮಾಡೋದು ಅಲ್ಲವೇ ಅಲ್ಲ. ಅದನ್ನು ಮಾಡೋರು ತುಂಬಾ ಜನ ಇದ್ದಾರೆ.

ಲಿವರಿನ ಕಡ್ಡಿಯಲ್ಲಿ ಎರಡು ಸಣ್ಣ ಸ್ಪ್ರಿಂಗ್ ಇರುತ್ತಲ್ಲ, ಅವುಗಳ ಕಿರಿದಾದ ತುದಿ ಹಬ್ಬಿನ (ಚಕ್ರದ ನಡುಭಾಗದ) ಕಡೆ ಇರಬೇಕು. ತಿರುವುಮುರುವಾದರೆ ನಟ್ಟಿಗೆ ಸಿಕ್ಕಿಹಾಕಿಕೊಂಡು ಸುಳ್ಳು ಬಿಗಿ ಕೊಡುತ್ತೆ.

ಇಬ್ಬರು ಮಕ್ಕಳ ತಾಯಿ:

ಲಿವರ್ ಯಾವ ಕಡೆ ಇದೆ ಅಂತ ಯಾರೂ ಕೇಳಲಿಲ್ಲ. ಎಡಗಡೆ, ಅಂದರೆ ಡಿಸ್ಕ್ ಪಕ್ಕ ಇದ್ದರೆ ಇನ್ನೊಂದು ಅಪಾಯ ಇದೆ. ಕೆಲವು ಲಿವರ್ ಅರ್ಧ ಸುತ್ತಿಗಿಂತ ಹೆಚ್ಚು ತೆರೆದುಕೊಂಡು ಡಿಸ್ಕಿನ ತೂತಿಗೆ ಸಿಕ್ಕಿಕೊಳ್ಳುತ್ತೆ, ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತೆ. ಇದೇ ಕಾರಣಕ್ಕೆ 2015ರ ಏಪ್ರಿಲಿನಲ್ಲಿ ಟ್ರೆಕ್ ಕಂಪನಿ ಅಮೆರಿಕದಲ್ಲೇ ಸುಮಾರು 9 ಲಕ್ಷ ಸೈಕಲ್ಲುಗಳಿಗೆ ಲಿವರ್ ಬದಲಿಸಿಕೊಡೋಕೆ ವಾಪಸ್ ಕರೆಯಿತು. ಅದೇ ವರ್ಷ ಬೇರೆ ಹಲವು ಕಂಪನಿಗಳೂ ಕರೆದವು. ನೀವೇ ಪರೀಕ್ಷೆ ಮಾಡಬಹುದು. ಲಿವರ್ ಪೂರ್ತಿ ತೆರೆದು ಡಿಸ್ಕಿನ ಕಡೆ ತಿರುಗಿಸಿ, ನಡುವೆ ಕನಿಷ್ಠ 6 ಮಿ.ಮೀ. ಜಾಗ ಇರಬೇಕು. ಒಂದು ಪೆನ್ಸಿಲ್ ತೂರಿಸಿ ನೋಡಿ ಸಾಕು.

ನಾನು ಮಕ್ಕಳ ಸೈಕಲ್ಲಿನಲ್ಲಿ ಲಿವರನ್ನೇ ತೆಗೆದು, 5 ಮಿ.ಮೀ. ಅಲೆನ್ ಕೀಯಿಂದ ಬಿಗಿ ಮಾಡುವ ಕಡ್ಡಿ ಹಾಕಿಬಿಟ್ಟೆ. ಮಕ್ಕಳು ದಾರಿಯಲ್ಲಿ ಚಕ್ರ ಬಿಚ್ಚೋ ಪ್ರಮೇಯ ಇಲ್ಲ. ಆಟಕ್ಕೆ ಯಾರೂ ತೆರೆಯೋಕೂ ಆಗಲ್ಲ.

ರಿಪೇರಿ ಮಾಡುವವರು ಮತ್ತೆ:

ಮೇಡಂ ಹೇಳಿದ್ದು ನೂರಕ್ಕೆ ನೂರು. ಲಿವರನ್ನು ಬಲಗಡೆಗೆ ಹಾಕಿಕೊಂಡರೆ ಈ ತಾಪತ್ರಯ ಇಲ್ಲ, ಇಳಿಜಾರು ಇಳಿದ ಮೇಲೆ ಬಿಸಿ ಡಿಸ್ಕಿಗೆ ಕೈ ಸುಟ್ಟುಕೊಳ್ಳೋದೂ ತಪ್ಪುತ್ತೆ. ಫೋರ್ಕ್ ಬದಲಿಸೋ ವಿಷಯ. ಆಕ್ಸಲ್ ಫೋರ್ಕಿನ ಕಾಲಿನ ತೂತಿನಲ್ಲೇ ತೂರಿ ತಿರುಪಿನ ಹಾಗೆ ಬಿಗಿಯಾಗಿ ಕೂರೋ ಥ್ರೂ ಆಕ್ಸಲ್ ಆದರೆ ಕೆಳಗೆ ಬಾಯೇ ಇಲ್ಲ, ಜಾರೋ ಪ್ರಶ್ನೆ ಬರಲ್ಲ. ಆದರೆ ಅದು ಸಾಮಾನ್ಯವಾಗಿ 12 ಇಲ್ಲವೇ 15 ಮಿ.ಮೀ. ದಪ್ಪ. ಈಗಿನ ಹಬ್ಬಿಗೆ ಹೋಗಲ್ಲ, ಫೋರ್ಕಿನ ಜೊತೆ ಚಕ್ರವೂ ಹೊಸದಾಗಬೇಕು. ಮುಂದಿನ ಸೈಕಲ್ ತಗೊಳ್ಳುವಾಗ ಅದನ್ನೇ ನೋಡಿ. ಈಗಿನದಕ್ಕೆ ಒಳ್ಳೇ ಲಿವರ್ ಸಾಕು. ಹಿಂದಿನ ಚಕ್ರದ ಲಿವರನ್ನೂ ಇದೇ ಥರ ನೋಡಿಬಿಡಿ, ಅಲ್ಲಿ ಬ್ರೇಕಿನ ಬಲ ಕಡಿಮೆ ಇರೋದರಿಂದ ಇಷ್ಟು ತೊಂದರೆ ಬರಲ್ಲ.

ಕೇಳಿದವರು, ಎರಡು ವಾರದ ನಂತರ:

ಎಲ್ಲರಿಗೂ ಧನ್ಯವಾದ. ನನ್ನದು ಹೊರಗೆ ಕಾಣೋ ಜಾತಿಯ ಲಿವರೇ. ಪ್ಲಾಸ್ಟಿಕ್ ಬಿಲ್ಲೆಯಲ್ಲಿ ಉಗುರು ತೂರುವಷ್ಟು ಬಿರುಕು. ಎಡಗಾಲಿನ ಕಚ್ಚಿನಲ್ಲಿ ಬಣ್ಣ ಮುದ್ದೆಯಾಗಿ ಪಕ್ಕಕ್ಕೆ ಸರಿದಿತ್ತು, ನಟ್ಟಿನ ಗುರುತು ಚುಕ್ಕಿ ಅಲ್ಲ, ಮೂರು ಉದ್ದ ಗೀರು. ಫೋಟೋ ತೆಗೆದು ರಿಪೇರಿಯವರಿಗೆ ಕಳಿಸಿದೆ, ಬಣ್ಣ ಕೆರೆದು ಮುಚ್ಚಿದ ಜಾತಿಯ ಉಕ್ಕಿನ ಲಿವರ್ ಹಾಕಿ ಅಂದರು. ಹಾಕಿ ಬಲಗಡೆಗೆ ತಿರುಗಿಸಿದೆ. ಎಡಗಡೆ ನಟ್ಟಿನಿಂದ ಫೋರ್ಕಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೀನಿ. ಅದೇ ಇಳಿಜಾರು ಆರು ಸಲ ಇಳಿದೆ. ಗೆರೆ ಒಂದೇ ನೇರದಲ್ಲಿದೆ, ಸದ್ದಿಲ್ಲ. ಒಂದೇ ಸಂದೇಹ, ಈಗ ಲಿವರ್ ತೆರೆಯೋಕೆ ಎರಡೂ ಕೈ ಬೇಕಾಗ್ತಿದೆ. ಇಷ್ಟು ಬಿಗಿ ಸರಿನಾ?

ದಿನಾ ಕೆಲಸಕ್ಕೆ ಹೋಗುವವರು:

ಎರಡು ಕೈ ಬೇಕು ಅಂದರೆ ಜಾಸ್ತಿ ಆಯ್ತು ಅಣ್ಣ. ವಿಪರೀತ ಬಿಗಿದರೆ ಹಬ್ಬಿನ ಬೇರಿಂಗ್ ಒತ್ತಿಕೊಂಡು ಚಕ್ರ ಬಿಗಿಯಾಗಿ ತಿರುಗುತ್ತೆ. ನಟ್ಟನ್ನು ಕಾಲು ಸುತ್ತು ಬಿಟ್ಟು ಮತ್ತೆ ಮುಚ್ಚಿ ಅಂಗೈ ನೋಡಿಕೊಳ್ಳಿ. ಬಿಳಿ ಗೆರೆಯನ್ನು ಹೊಸದಾಗಿ ಎಳೆಯೋದು ಮರೀಬೇಡಿ.