ಸಹಾಯ ಬೇಕು: ಪೋರ್ಶೆ ತಗೊಳ್ಳೋಕೆ ಅಪ್ಪನನ್ನು ಹೇಗೆ ಒಪ್ಪಿಸಲಿ?

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಮಷಿನ್ ಶಾಪ್ ಇದೆ. ಬಾಡಿಗೆ ಶೆಡ್, ಒಂದು ಹಳೇ ಲೇತ್‌ನಿಂದ ಶುರು ಮಾಡಿದ್ದು. ಈಗ ಸಿಎನ್‌ಸಿ ಮಷಿನ್‌ಗಳ ಸಾಲ ಪೂರ್ತಿ ತೀರಿದೆ. ಹಾಗಾಗಿ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು, ಪೋರ್ಶೆ 718 ಕೇಮನ್, ನೋಡಿಟ್ಟಿದ್ದೀನಿ. ಟ್ಯಾಕ್ಸ್ ಹೊರೆ ತಪ್ಪಲಿ ಅಂತ ಕೆಎ ರಿಜಿಸ್ಟ್ರೇಷನ್ನೇ ಬೇಕು ಅಂತ ಹುಡುಕಿದ್ದು. ಹೊಸ ಪೆಟ್ರೋಲ್ ಕಾರು 20 ಲಕ್ಷ ದಾಟಿದರೆ ಇಲ್ಲಿ ಲೈಫ್‌ಟೈಮ್ ಟ್ಯಾಕ್ಸೇ 18%, ಮೇಲೆ ಸೆಸ್ ಬೇರೆ!

ಅಪ್ಪ ಒಪ್ಪುತ್ತಿಲ್ಲ. "ಆ ದುಡ್ಡಲ್ಲಿ ನೆಲಮಂಗಲದ ಕಡೆ ಸೈಟ್ ತಗೋ. ಇದರಲ್ಲಿ ಎರಡೇ ಸೀಟು, ನಿಮ್ಮಮ್ಮನ್ನ ಎಲ್ಲಿ ಕೂರಿಸ್ತೀಯಾ?" ಅಂತಾರೆ. ಎಂಜಿನ್ ಸೀಟಿನ ಹಿಂದೆ ಇರುತ್ತೆ, ಡಿಕ್ಕಿ ಮುಂದೊಂದು ಹಿಂದೊಂದು ಅಂದೆ. "ಹಾಗಾದ್ರೆ ಡಿಕ್ಕಿಯಲ್ಲಿ ಕೂರಿಸು" ಅಂದರು. ಕಾರಿನ ಬೆಲೆ ಇಳಿಯುತ್ತೆ ಅನ್ನೋದು ನನಗೂ ಗೊತ್ತು. ಆದರೆ ಕೈಯಿಂದ ಕೂಲಂಟ್ ವಾಸನೆ ಹೋಗದಷ್ಟು ದುಡಿದದ್ದು ಬರೀ ಸೈಟಿಗಾ? ಇನ್ವೆಸ್ಟ್‌ಮೆಂಟ್ ಅಂತ ಸುಮ್ನೆ ಸುಳ್ಳು ಹೇಳೋಕೆ ಇಷ್ಟವಿಲ್ಲ. ಆಸೆ, ಅಷ್ಟೇ.

ಇಂಥ ಕಾರು ಬೆಂಗಳೂರಲ್ಲಿ ಓಡಿಸುವವರು ಹೇಳಿ. ನಮ್ಮ ಹಂಪ್‌ಗಳಿಗೆ ತಳ ಉಜ್ಜುತ್ತಾ? ವರ್ಷಕ್ಕೆ ಸರ್ವೀಸ್, ಇನ್ಶೂರೆನ್ಸ್, ಟೈರು ಸೇರಿ ಎಷ್ಟಾಗುತ್ತೆ? ಮನೆಯಲ್ಲಿ ಏನು ಹೇಳಿ ಒಪ್ಪಿಸಿದಿರಿ? ಭಾನುವಾರದೊಳಗೆ ಟೋಕನ್ ಅಡ್ವಾನ್ಸ್ ಕೊಡಬೇಕು.